ಮೆಷಿನ್ ಲರ್ನಿಂಗ್ ಲೈಬ್ರರಿಗೆ ಮೊದಲ ಕೊಡುಗೆ: ಇಶ್ಯೂ ಹುಡುಕುವುದರಿಂದ ಮರ್ಜ್ ಆಗುವವರೆಗೆ

ಓಪನ್ ಸೋರ್ಸ್ ಮೆಷಿನ್ ಲರ್ನಿಂಗ್ ಲೈಬ್ರರಿಗೆ ಏನಾದರೂ ಕೊಡುಗೆ ನೀಡಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ಹೊಸ ಅಲ್ಗಾರಿದಮ್ ಬಗ್ಗೆ. ಈಚೆಗೆ ಓದಿದ ಸಂಶೋಧನಾ ಪ್ರಬಂಧದ ವಿಧಾನವನ್ನು ಕೋಡ್ ಮಾಡಿ ಕಳಿಸಿಬಿಡೋಣ ಎಂದುಕೊಳ್ಳುತ್ತಾರೆ. ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಸೈಕಿಟ್-ಲರ್ನ್ ಲೈಬ್ರರಿಯ ನಿಯಮವನ್ನೇ ನೋಡಿ: ಒಂದು ಅಲ್ಗಾರಿದಮ್ ಒಳಗೆ ಬರಬೇಕಾದರೆ ಅದು ಪ್ರಕಟವಾಗಿ ಕನಿಷ್ಠ 3 ವರ್ಷ ಕಳೆದಿರಬೇಕು, 200ಕ್ಕಿಂತ ಹೆಚ್ಚು ಪ್ರಬಂಧಗಳು ಅದನ್ನು ಉಲ್ಲೇಖಿಸಿರಬೇಕು, ವ್ಯಾಪಕವಾಗಿ ಬಳಕೆಯಲ್ಲಿರಬೇಕು. ಇದು ಬಿಗುಮಾನವಲ್ಲ. ಬರೆದವರು ಹೊರಟುಹೋದ ಮೇಲೂ ಆ ಕೋಡನ್ನು ಬೇರೆ ಯಾರೋ ವರ್ಷಗಟ್ಟಲೆ ಸಾಕಬೇಕಾಗುತ್ತದೆ. ಅದು ನಿಂತಿರುವ ನಂಪೈ ಎಂಬ ಸಂಖ್ಯಾ ಲೈಬ್ರರಿ ಬದಲಾದಾಗ ತಿದ್ದಬೇಕು, ಅದರ ಮೇಲೆ ಬಂದ ದೂರುಗಳಿಗೆ ಉತ್ತರಿಸಬೇಕು.

ಇಂಥ ಯೋಜನೆಗಳಲ್ಲಿ ಕೋಡ್ ಬರೆಯುವವರಿಗೆ ಬರವಿಲ್ಲ. ಬರ ಇರುವುದು ಆ ಕೋಡನ್ನು ಓದಿ ಒಪ್ಪುವವರ ಸಮಯಕ್ಕೆ. ಸೈಕಿಟ್-ಲರ್ನ್‌ನಲ್ಲಿ ಸಾಮಾನ್ಯ ಬದಲಾವಣೆಗೂ ಇಬ್ಬರು ಮುಖ್ಯ ನಿರ್ವಾಹಕರ ಒಪ್ಪಿಗೆ ಬೇಕು. ಹಾಗಾಗಿ ಒಳ್ಳೆಯ ಮೊದಲ ಕೊಡುಗೆ ಎಂದರೆ ಪರಿಶೀಲಿಸುವವರು ಹತ್ತು ನಿಮಿಷದಲ್ಲಿ ಓದಿ, ಅನುಮಾನವಿಲ್ಲದೆ ಒಪ್ಪಬಹುದಾದ ಬದಲಾವಣೆ. ಮುಂದೆ ಬರುವ ಪ್ರತಿ ಹಂತದ ಹಿಂದೆಯೂ ಇದೇ ಲೆಕ್ಕಾಚಾರವಿದೆ.

ಇಲ್ಲಿ ಸೈಕಿಟ್-ಲರ್ನ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ. 2007ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಾಗಿ ಶುರುವಾಗಿ, 2010ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಕಂಡ ಲೈಬ್ರರಿ ಇದು. ಪರವಾನಗಿ ಮೂರು ಷರತ್ತಿನ ಬಿಎಸ್‌ಡಿ. ಬಹುಪಾಲು ಪೈಥಾನ್, ವೇಗ ಬೇಕಾದ ಕಡೆ ಸೈಥಾನ್ (ಪೈಥಾನಿನಂತೆ ಬರೆದು ಸಿ ಆಗಿ ಕಂಪೈಲ್ ಮಾಡುವ ಭಾಷೆ). ಮೊದಲ ಸಲದವರಿಗೆ ಇದು ಸರಿಯಾದ ಗಾತ್ರ ಎಂದೇ ನಮ್ಮ ಅಭಿಪ್ರಾಯ. ಪೈಟಾರ್ಚ್‌ನಂಥ ಲೈಬ್ರರಿಗಳ ಒಳಭಾಗ ಹೆಚ್ಚಾಗಿ ಸಿ++ ಮತ್ತು ‘ಕೂಡಾ’ (ಸಿಯುಡಿಎ, ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಕೋಡ್). ಸೋರ್ಸ್‌ನಿಂದ ಬಿಲ್ಡ್ ಮಾಡುವುದೇ ದೊಡ್ಡ ಕೆಲಸ, ಜೊತೆಗೆ ಕೊಡುಗೆದಾರರ ಒಪ್ಪಂದಕ್ಕೆ ಸಹಿಯನ್ನೂ ಹಾಕಬೇಕು. ಆದರೂ ನೀವು ದಿನವೂ ಬಳಸುವುದು ಬೇರೆ ಲೈಬ್ರರಿಯಾದರೆ ಅದನ್ನೇ ಆರಿಸಿ. ಬಳಸದ ಲೈಬ್ರರಿಯಲ್ಲಿ ಯಾವುದು ತಪ್ಪು, ಯಾವುದು ಬೇಕೆಂದೇ ಹಾಗೆ ಮಾಡಿದ್ದು ಎಂದು ತಿಳಿಯುವುದಿಲ್ಲ.

ಬೇಕಾದ ಪೂರ್ವಸಿದ್ಧತೆ ಹೆಚ್ಚೇನಿಲ್ಲ. ಪೈಥಾನ್ ಓದಿ ಅರ್ಥಮಾಡಿಕೊಳ್ಳಲು ಬರಬೇಕು. ನಂಪೈ ಅರೇಯ ಶೇಪ್, ಡೀಟೈಪ್, ಬ್ರಾಡ್‌ಕಾಸ್ಟಿಂಗ್ ಚೆನ್ನಾಗಿ ಗೊತ್ತಿರಬೇಕು. ಗಿಟ್‌ನಲ್ಲಿ ಬ್ರ್ಯಾಂಚ್, ಕಮಿಟ್, ಪುಶ್, ಮರ್ಜ್ ಸಾಕು. ಗಣಿತದ ಆಳವಾದ ಜ್ಞಾನ ಮೊದಲ ಕೊಡುಗೆಗೆ ಬೇಕಾಗುವುದು ಅಪರೂಪ.

ಈ ಲೇಖನದಲ್ಲಿ ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗೆರೆ, ಚುಕ್ಕೆ, ಸಮ ಚಿಹ್ನೆಗಳು ಇದ್ದ ಹಾಗೇ ಬರಬೇಕು.

ಸರಿಯಾದ ಇಶ್ಯೂ ಆರಿಸುವುದು

ಗಿಟ್‌ಹಬ್‌ನಲ್ಲಿ ಯೋಜನೆಯ ಇಶ್ಯೂ (ದೋಷದ ವರದಿ ಅಥವಾ ಬೇಡಿಕೆ) ಪಟ್ಟಿಗೆ ಹೋಗಿ ಲೇಬಲ್ ಮೇಲೆ ಸೋಸಿ. ‘ಗುಡ್ ಫಸ್ಟ್ ಇಶ್ಯೂ’, ‘ಈಸಿ’, ‘ಹೆಲ್ಪ್ ವಾಂಟೆಡ್’, ‘ಡಾಕ್ಯುಮೆಂಟೇಶನ್’ ಎಂಬವು ನಿಮಗೆ ಸಂಬಂಧಿಸಿದವು. ‘ನೀಡ್ಸ್ ಟ್ರಯಾಜ್’ ಅಂದರೆ ಇದು ನಿಜವಾದ ದೋಷವೇ ಎಂದು ಇನ್ನೂ ಯಾರೂ ನೋಡಿಲ್ಲ. ‘ನೀಡ್ಸ್ ಡಿಸಿಷನ್’ ಅಂದರೆ ಏನು ಮಾಡಬೇಕೆಂದು ನಿರ್ವಾಹಕರ ನಡುವೆಯೇ ತೀರ್ಮಾನವಾಗಿಲ್ಲ. ಈ ಎರಡರಲ್ಲಿ ಕೋಡ್ ಬರೆಯಲು ಕೂರಬೇಡಿ. ನಿಮ್ಮ ವಾರದ ಕೆಲಸ ಒಂದು ಸಾಲಿನ ತೀರ್ಮಾನದಿಂದ ವ್ಯರ್ಥವಾಗಬಹುದು.

ಇಶ್ಯೂ ತೆರೆದ ಮೇಲೆ ಮೊದಲ ಪೋಸ್ಟ್ ಓದಿ ನಿಲ್ಲಿಸಬೇಡಿ, ಕೊನೆಯ ಕಾಮೆಂಟಿನವರೆಗೂ ಹೋಗಿ. ಎಷ್ಟೋ ಸಲ ಮೊದಲು ಸೂಚಿಸಿದ ಪರಿಹಾರವನ್ನು ಇಪ್ಪತ್ತನೆಯ ಕಾಮೆಂಟಿನಲ್ಲಿ ತಿರಸ್ಕರಿಸಿರುತ್ತಾರೆ. ಇಶ್ಯೂಗೆ ಕೊಂಡಿಯಾಗಿರುವ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಇದೆಯೇ ಎಂದೂ ನೋಡಿ. ಯಾರೂ ಹಿಡಿದಿಲ್ಲವೆಂದರೆ ಸೈಕಿಟ್-ಲರ್ನ್‌ನಲ್ಲಿ ‘/ಟೇಕ್’ ಎಂದು ಕಾಮೆಂಟ್ ಹಾಕಿದರೆ ಇಶ್ಯೂ ತಾನಾಗಿ ನಿಮ್ಮ ಹೆಸರಿಗೆ ಬರುತ್ತದೆ. ಯಾರೋ ಹಿಡಿದು ಸುಮ್ಮನಾಗಿದ್ದರೆ? ಹೊಸಬರು ಇಶ್ಯೂ ತೆಗೆದುಕೊಂಡ 2 ವಾರದೊಳಗೆ, ಹಳಬರಾದರೆ 4 ವಾರದೊಳಗೆ ಪುಲ್ ರಿಕ್ವೆಸ್ಟ್ ಬರಬೇಕೆಂಬ ರೂಢಿ ಅಲ್ಲಿದೆ. ಹೆಚ್ಚು ಸಮಯ ಕೇಳಿಲ್ಲದಿದ್ದರೆ, ಅವಧಿ ಮುಗಿದ ಮೇಲೆ ಬೇರೆಯವರು ಮುಂದುವರಿಸಬಹುದು. ಆಗಲೂ ‘ನಾನು ಇದನ್ನು ಮುಂದುವರಿಸಲೇ?’ ಎಂದು ಕೇಳುವುದು ಮರ್ಯಾದೆ. ಹಿಂದಿನವರ ಕೋಡಿನ ಮೇಲೆ ಕಟ್ಟಿದರೆ ಅವರಿಗೂ ಮನ್ನಣೆ ಸಲ್ಲುವಂತೆ ಅವರ ಕಮಿಟ್‌ಗಳನ್ನು ಹಾಗೇ ಉಳಿಸಿಕೊಳ್ಳಿ.

ಒಮ್ಮೆಗೆ ಒಂದೇ ಇಶ್ಯೂ. ಐದನ್ನು ಹಿಡಿದು ಒಂದನ್ನೂ ಮುಗಿಸದಿದ್ದರೆ ಉಳಿದ ನಾಲ್ಕರ ಮೇಲೆ ಬೇರೆ ಹೊಸಬರು ಕೆಲಸ ಮಾಡದಂತೆ ತಡೆದ ಹಾಗಾಗುತ್ತದೆ.

ಹಿಡಿಯಲು ಇಶ್ಯೂ ಸಿಗದೇ ಹೋದರೂ ನಿರಾಶರಾಗಬೇಡಿ, ಏಕೆಂದರೆ ಟ್ರಯಾಜ್, ಅಂದರೆ ಬಂದ ವರದಿಗಳನ್ನು ಪರೀಕ್ಷಿಸಿ ವಿಂಗಡಿಸುವುದು ಕೂಡ ಕೊಡುಗೆಯೇ. ಯಾರೋ ವರದಿ ಮಾಡಿದ ದೋಷವನ್ನು ನಿಮ್ಮ ಯಂತ್ರದಲ್ಲಿ ಮರುಸೃಷ್ಟಿಸಿ ‘ಇಲ್ಲೂ ಹಾಗೇ ಆಗುತ್ತದೆ’ ಅಥವಾ ‘ಈ ಆವೃತ್ತಿಯಲ್ಲಿ ಆಗುವುದಿಲ್ಲ’ ಎಂದು ತಿಳಿಸಿದರೆ ನಿರ್ವಾಹಕರ ಅರ್ಧ ಗಂಟೆ ಉಳಿಯುತ್ತದೆ. ಮಾಡುವ ಕ್ರಮ ಹೀಗೆ: ವರದಿಯ ಕೋಡಿನಿಂದ ಒಂದೊಂದೇ ಸಾಲು ತೆಗೆಯುತ್ತಾ ಹೋಗಿ, ದೋಷ ಮಾಯವಾಗುವ ಹಂತದಲ್ಲಿ ಒಂದು ಹೆಜ್ಜೆ ಹಿಂದೆ ಬನ್ನಿ. ಸಿಎಸ್‌ವಿ ಕಡತ ಓದುವ ಸಾಲು ಇದ್ದರೆ ಅದರ ಬದಲು 20 ಸಾಲು, 3 ಕಾಲಮ್‌ನ ಕೃತಕ ದತ್ತಾಂಶ ಇಡಿ. ಪ್ರತಿ ಸಲ ಅದೇ ಯಾದೃಚ್ಛಿಕ ಸಂಖ್ಯೆಗಳು ಬರುವಂತೆ ಬೀಜಸಂಖ್ಯೆಯನ್ನು (ಸೀಡ್) 0 ಎಂದು ಕಟ್ಟಿಹಾಕಿ. ಕೊನೆಗೆ ಲೈಬ್ರರಿಯ ‘ಶೋ_ವರ್ಶನ್ಸ್’ ಫಂಕ್ಷನ್ ಮುದ್ರಿಸುವ ಪಠ್ಯವನ್ನು ಪೂರ್ತಿ ಅಂಟಿಸಿ. ಅದರಲ್ಲಿ ನಂಪೈ, ಸೈಪೈ ಆವೃತ್ತಿಗಳ ಜೊತೆ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಯಾವ ಬ್ಲಾಸ್ ಲೈಬ್ರರಿ, ಎಷ್ಟು ಥ್ರೆಡ್ ಎಂಬುದೂ ಬರುತ್ತದೆ. ಕೆಲವು ದೋಷಗಳ ಗುಟ್ಟು ಅಲ್ಲೇ ಇರುತ್ತದೆ.

ಬಿಲ್ಡ್: ಹೆಚ್ಚಿನವರು ಕೈಬಿಡುವ ಹಂತ

ಗಿಟ್‌ಹಬ್‌ನಲ್ಲಿ ಫೋರ್ಕ್ ಒತ್ತಿ ನಿಮ್ಮ ಖಾತೆಯಲ್ಲೊಂದು ಪ್ರತಿ ಮಾಡಿಕೊಳ್ಳಿ, ಆ ಫೋರ್ಕನ್ನು ನಿಮ್ಮ ಯಂತ್ರಕ್ಕೆ ಕ್ಲೋನ್ ಮಾಡಿ. ಆಮೇಲೆ ಮೂಲ ರೆಪೊಸಿಟರಿಯನ್ನು ‘ಅಪ್‌ಸ್ಟ್ರೀಮ್’ ಎಂಬ ಹೆಸರಿನ ರಿಮೋಟ್ ಆಗಿ ಸೇರಿಸಿ. ‘ಗಿಟ್ ರಿಮೋಟ್ -ವಿ’ ಕೊಟ್ಟರೆ ‘ಆರಿಜಿನ್’ ನಿಮ್ಮ ಫೋರ್ಕನ್ನೂ ‘ಅಪ್‌ಸ್ಟ್ರೀಮ್’ ಮೂಲವನ್ನೂ ತೋರಿಸಬೇಕು.

ಈ ಕೆಲಸಕ್ಕೆಂದೇ, ಪ್ಯಾಕೇಜುಗಳು ಬೇರೆಯಾಗಿ ಉಳಿಯುವಂತೆ, ಹೊಸ ಎನ್ವಿರಾನ್‌ಮೆಂಟ್ ಮಾಡಿ. ದಿನದ ಕೆಲಸದ ಎನ್ವಿರಾನ್‌ಮೆಂಟಿನಲ್ಲೇ ಶುರುಮಾಡಿದರೆ ಎರಡೂ ಕೆಡುತ್ತವೆ. ಕಾಂಡಾದ ಪ್ಯಾಕೇಜ್ ಭಂಡಾರವಾದ ಕಾಂಡಾ-ಫೋರ್ಜ್‌ನಿಂದ ಪೈಥಾನ್, ನಂಪೈ, ಸೈಪೈ, ಸೈಥಾನ್, ಜಾಬ್‌ಲಿಬ್, ಥ್ರೆಡ್‌ಪೂಲ್‌ಸಿಟಿಎಲ್, ಪೈಟೆಸ್ಟ್, ಮೆಸಾನ್-ಪೈಥಾನ್, ನಿಂಜಾ ಇಷ್ಟನ್ನು ಹಾಕಿ. ಕಂಪೈಲರ್ ವಿಷಯದಲ್ಲಿ ಯಂತ್ರಕ್ಕೊಂದು ದಾರಿ. ಲಿನಕ್ಸ್‌ನಲ್ಲಿ ಕಾಂಡಾ-ಫೋರ್ಜ್‌ನ ‘ಕಂಪೈಲರ್ಸ್’ ಪ್ಯಾಕೇಜನ್ನು ಅದೇ ಪಟ್ಟಿಗೆ ಸೇರಿಸಿದರೆ ಸಾಕು. ಮ್ಯಾಕ್‌ನಲ್ಲೂ ಅದೇ ಪ್ಯಾಕೇಜ್ ಬಳಸಿ, ಏಕೆಂದರೆ ಆಪಲ್ ಕೊಡುವ ಕ್ಲ್ಯಾಂಗ್‌ನಲ್ಲಿ ಓಪನ್‌ಎಂಪಿ ಬೆಂಬಲ ನೇರವಾಗಿ ಸಿಗುವುದಿಲ್ಲ. ಅದಿಲ್ಲದೆ ಸಮಾಂತರ ಭಾಗಗಳು ಒಂದೇ ಥ್ರೆಡ್‌ನಲ್ಲಿ ಓಡುತ್ತವೆ. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋದ ಬಿಲ್ಡ್ ಟೂಲ್ಸ್ ಹಾಕಿಕೊಂಡು ಅದರಲ್ಲಿ ಸಿ++ ಭಾಗವನ್ನು ಆರಿಸಬೇಕು.

ನಂತರ ಕ್ಲೋನ್ ಮಾಡಿದ ಫೋಲ್ಡರ್ ಒಳಗೆ ನಿಂತು:

ಪಿಪ್ ಇನ್‌ಸ್ಟಾಲ್ --ಎಡಿಟಬಲ್ . --ವರ್ಬೋಸ್ --ನೋ-ಬಿಲ್ಡ್-ಐಸೊಲೇಶನ್ --ಕಾನ್ಫಿಗ್-ಸೆಟ್ಟಿಂಗ್ಸ್ ಎಡಿಟಬಲ್-ವರ್ಬೋಸ್=ಟ್ರೂ

ನಡುವಿನ ಒಂಟಿ ಚುಕ್ಕೆಯನ್ನು ಬಿಡಬೇಡಿ, ‘ಈ ಫೋಲ್ಡರ್’ ಎಂದು ಹೇಳುವುದು ಅದೇ. ಮೊದಲ ಬಿಲ್ಡ್‌ಗೆ ಹಲವು ನಿಮಿಷ ಬೇಕು. ಮುಗಿದ ಮೇಲೆ ಪೈಥಾನ್ ತೆರೆದು ಲೈಬ್ರರಿಯ ಆವೃತ್ತಿಯನ್ನು ಮುದ್ರಿಸಿ ನೋಡಿ. ಸಂಖ್ಯೆಯ ಕೊನೆಯಲ್ಲಿ ‘ಡೆವ್0’ ಇದ್ದರೆ ನಿಮ್ಮ ಬಿಲ್ಡ್ ಓಡುತ್ತಿದೆ.

ಕೆಡುವ ಜಾಗಗಳು ಬಹುಮಟ್ಟಿಗೆ ಇವೇ. ‘ಡೆವ್0’ ಇಲ್ಲದೆ ಬರೀ ಸಂಖ್ಯೆ ಕಂಡರೆ ಅದೇ ಎನ್ವಿರಾನ್‌ಮೆಂಟಿನಲ್ಲಿ ಬೇರೆ ಪ್ಯಾಕೇಜಿನ ಬೆನ್ನಿಗೆ ಬಿಡುಗಡೆಯಾದ ಸೈಕಿಟ್-ಲರ್ನ್ ಕೂಡ ಬಂದು ಕುಳಿತಿದೆ. ನೀವು ಕೋಡ್ ಎಷ್ಟು ತಿದ್ದಿದರೂ ಪರಿಣಾಮ ಕಾಣುವುದಿಲ್ಲ. ಪಿಪ್, ಕಾಂಡಾ ಎರಡರಿಂದಲೂ ತೆಗೆದುಹಾಕಿ ಮತ್ತೆ ಬಿಲ್ಡ್ ಮಾಡಿ. ಎರಡನೆಯದು, ‘ನೋ-ಬಿಲ್ಡ್-ಐಸೊಲೇಶನ್’ ಮರೆಯುವುದು. ಆಗ ಪಿಪ್ ತಾತ್ಕಾಲಿಕ ಎನ್ವಿರಾನ್‌ಮೆಂಟ್ ಸೃಷ್ಟಿಸಿ, ಬಿಲ್ಡ್ ಮುಗಿದೊಡನೆ ಅಳಿಸುತ್ತದೆ. ಎಡಿಟಬಲ್ ಇನ್‌ಸ್ಟಾಲ್ ಆದರೋ ಇಂಪೋರ್ಟ್ ಮಾಡುವಾಗಲೆಲ್ಲ ಸೈಥಾನ್ ಕಡತ ಬದಲಾಗಿದೆಯೇ ನೋಡಿ ಮರುಕಂಪೈಲ್ ಮಾಡಲು ಹೋಗುತ್ತದೆ. ಹುಡುಕುವ ನಿಂಜಾ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ, ಇಂಪೋರ್ಟೇ ವಿಫಲವಾಗುತ್ತದೆ. ಮೂರನೆಯದು ಮೆಮೊರಿ. ಕಂಪೈಲರ್ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ಬಳಸುವುದರಿಂದ ಮೆಮೊರಿ ಕಡಿಮೆ ಇರುವ ಲ್ಯಾಪ್‌ಟಾಪ್ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ‘--ಕಾನ್ಫಿಗ್-ಸೆಟ್ಟಿಂಗ್ಸ್=ಕಂಪೈಲ್-ಆರ್ಗ್ಸ್=-ಜೆ2’ ಸೇರಿಸಿದರೆ ಎರಡೇ ಕೆಲಸ ಒಟ್ಟಿಗೆ ನಡೆಯುತ್ತವೆ; ನಿಧಾನ, ಆದರೆ ಮುಗಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟು ಮರಳಿದಾಗ ಅರ್ಥವಾಗದ ಲಿಂಕರ್ ದೋಷ ಬಂದರೆ ‘ಬಿಲ್ಡ್’ ಫೋಲ್ಡರನ್ನು ಅಳಿಸಿ ಮೊದಲಿಂದ ಮಾಡುವುದೇ ಲೇಸು.

ದೋಷ ಸಂದೇಶ ನೂರಾರು ಸಾಲು ಬಂದಾಗ ಕೊನೆಯ ಸಾಲಿಂದ ಓದಬೇಡಿ. ‘ಎರರ್’ ಎಂಬ ಪದ ಮೊದಲು ಕಾಣುವ ಜಾಗ ಹುಡುಕಿ. ಉಳಿದದ್ದು ಅದರ ಪ್ರತಿಧ್ವನಿ.

ಬ್ರ್ಯಾಂಚ್

‘ಗಿಟ್ ಫೆಚ್ ಅಪ್‌ಸ್ಟ್ರೀಮ್’, ಆಮೇಲೆ ‘ಗಿಟ್ ಚೆಕ್‌ಔಟ್ -ಬಿ’ ಮುಂದೆ ನಿಮ್ಮ ಬ್ರ್ಯಾಂಚಿನ ಹೆಸರು, ಅದರ ಮುಂದೆ ‘ಅಪ್‌ಸ್ಟ್ರೀಮ್/ಮೇನ್’. ಮೇನ್ ಬ್ರ್ಯಾಂಚಿನಲ್ಲಿ ನೇರವಾಗಿ ಕೆಲಸ ಮಾಡಿದರೆ ಎರಡನೆಯ ಪುಲ್ ರಿಕ್ವೆಸ್ಟ್ ತೆರೆದಾಗ ಮೊದಲನೆಯದರ ಕಮಿಟ್‌ಗಳೂ ಅದರೊಳಗೆ ನುಸುಳುತ್ತವೆ. ‘ಪ್ರಿ-ಕಮಿಟ್ ಇನ್‌ಸ್ಟಾಲ್’ ಅನ್ನೂ ಈಗಲೇ ಕೊಡಿ. ಪ್ರತಿ ಕಮಿಟ್‌ಗೆ ಮುನ್ನ ರಫ್ ಎಂಬ ಉಪಕರಣ ಕೋಡಿನ ಶೈಲಿ ನೋಡುತ್ತದೆ, 88 ಅಕ್ಷರ ದಾಟಿದ ಸಾಲುಗಳನ್ನು ಮುರಿಯುತ್ತದೆ. ಕಮಿಟ್ ನಿಂತುಹೋಯಿತು ಎಂದು ಗಾಬರಿಯಾಗಬೇಡಿ: ಅದು ಕಡತವನ್ನು ತಿದ್ದಿದೆ ಅಷ್ಟೆ, ಮತ್ತೆ ‘ಗಿಟ್ ಆ್ಯಡ್’ ಮಾಡಿ ಕಮಿಟ್ ಕೊಡಿ.

ಮೊದಲು ಸೋಲುವ ಟೆಸ್ಟ್, ಆಮೇಲೆ ತಿದ್ದುಪಡಿ

ಈ ಭಾಗವನ್ನು ನಿಧಾನವಾಗಿ ಓದಿ. ಪರಿಶೀಲಕರ ನಂಬಿಕೆ ಗಳಿಸುವುದು ಇಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಿಗ್ರೆಷನ್ ಮಾದರಿಯೊಂದು ‘ಸ್ಯಾಂಪಲ್_ವೇಟ್’, ಅಂದರೆ ದತ್ತಾಂಶದ ಪ್ರತಿ ಸಾಲಿಗೂ ಒಂದು ತೂಕ, ಸ್ವೀಕರಿಸುತ್ತದೆ. ಒಂದು ಸಾಲಿಗೆ ತೂಕ 0 ಕೊಡುವುದೂ ಆ ಸಾಲನ್ನು ತೆಗೆದುಹಾಕುವುದೂ ಒಂದೇ ಫಲ ಕೊಡಬೇಕು. ತೂಕ 2 ಕೊಡುವುದೂ ಅದೇ ಸಾಲನ್ನು ಎರಡು ಸಲ ಇಡುವುದೂ ಸಮ ಆಗಬೇಕು. ಎಲ್ಲೋ ಒಳಗೆ ಸರಾಸರಿ ತೆಗೆಯುವಾಗ ತೂಕಗಳ ಮೊತ್ತದ ಬದಲು ಸಾಲುಗಳ ಸಂಖ್ಯೆಯಿಂದ ಭಾಗಿಸಿದ್ದರೆ ಈ ಸಮತೆ ಮುರಿಯುತ್ತದೆ. ನೋಡಲು ಚಿಕ್ಕ ದೋಷ. ಮಾದರಿ ಓಡುತ್ತದೆ, ಎಚ್ಚರಿಕೆ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಮೆಷಿನ್ ಲರ್ನಿಂಗ್ ಕೋಡಿನ ಅಪಾಯವೇ ಇದು. ಬೇರೆ ಸಾಫ್ಟ್‌ವೇರ್ ಕೆಟ್ಟಾಗ ನಿಂತುಹೋಗುತ್ತದೆ, ಇದು ಕೆಟ್ಟರೂ ಸಂಖ್ಯೆ ಕೊಡುತ್ತಲೇ ಇರುತ್ತದೆ.

ಟೆಸ್ಟ್ ಬರೆಯುವುದು ಹೀಗೆ. ಆ ಮಾಡ್ಯೂಲಿನ ‘ಟೆಸ್ಟ್ಸ್’ ಫೋಲ್ಡರಿನಲ್ಲಿ ಈಗಾಗಲೇ ಇರುವ ಕಡತಕ್ಕೆ ಒಂದು ಫಂಕ್ಷನ್ ಸೇರಿಸಿ. ಹೊಸ ಕಡತ ಬೇಡ. ಫಂಕ್ಷನ್ ಕೆಳಗೆ ಒಂದು ಸಾಲಿನ ವಿವರಣೆಯಲ್ಲಿ ಇಶ್ಯೂ ಸಂಖ್ಯೆ ಬರೆಯಿರಿ, ಐದು ವರ್ಷ ಬಿಟ್ಟು ಓದುವವರಿಗೆ ಈ ಟೆಸ್ಟ್ ಯಾಕಿದೆ ಎಂದು ತಿಳಿಯಬೇಕು. ಒಂದು ಮಾದರಿಯನ್ನು ಶೂನ್ಯ ತೂಕಗಳೊಡನೆ ಫಿಟ್ ಮಾಡಿ, ಇನ್ನೊಂದನ್ನು ಆ ಸಾಲುಗಳನ್ನು ತೆಗೆದು ಫಿಟ್ ಮಾಡಿ, ಎರಡರ ಗುಣಾಂಕಗಳನ್ನು ಹೋಲಿಸಿ. ಆಮೇಲೆ ಆ ಕಡತವನ್ನಷ್ಟೇ ಓಡಿಸಿ: ‘ಪೈಟೆಸ್ಟ್’ ಮುಂದೆ ಕಡತದ ದಾರಿ, ‘-ಕೆ’ ಮುಂದೆ ಟೆಸ್ಟಿನ ಹೆಸರಿನ ತುಣುಕು. ‘-ಎಕ್ಸ್’ ಕೊಟ್ಟರೆ ಮೊದಲ ಸೋಲಿಗೇ ನಿಲ್ಲುತ್ತದೆ, ‘-ಎಲ್’ ಕೊಟ್ಟರೆ ಸೋತ ಜಾಗದ ವೇರಿಯಬಲ್‌ಗಳ ಬೆಲೆ ತೋರಿಸುತ್ತದೆ. ಇಡೀ ಟೆಸ್ಟ್ ಸಮೂಹವನ್ನು ನಿಮ್ಮ ಯಂತ್ರದಲ್ಲಿ ಓಡಿಸುವ ಅಗತ್ಯವಿಲ್ಲ. ತುಂಬಾ ಹೊತ್ತು ಹಿಡಿಯುತ್ತದೆ, ಆ ಕೆಲಸವನ್ನು ಸಿಐ (ಪುಲ್ ರಿಕ್ವೆಸ್ಟ್ ಮೇಲೆ ಟೆಸ್ಟ್ ಮೊದಲಾದವನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮಾಡುತ್ತದೆ.

ತಿದ್ದುಪಡಿ ಮಾಡುವ ಮೊದಲು ಟೆಸ್ಟ್ ಸೋಲುವುದನ್ನು ಕಣ್ಣಾರೆ ನೋಡಿ. ದೋಷವಿದ್ದಾಗಲೂ ಗೆಲ್ಲುವ ಟೆಸ್ಟ್ ಏನನ್ನೂ ಕಾಯುವುದಿಲ್ಲ. ಪರಿಶೀಲಕರು ಹಲವು ಸಲ ನಿಮ್ಮ ತಿದ್ದುಪಡಿ ತೆಗೆದು ಟೆಸ್ಟ್ ಮಾತ್ರ ಓಡಿಸಿ ನೋಡುತ್ತಾರೆ.

ಹೋಲಿಕೆಗೆ ‘==’ ಬಳಸಬೇಡಿ. 64 ಬಿಟ್ ಫ್ಲೋಟ್‌ಗೆ ಸುಮಾರು 16 ದಶಮಾಂಶ ಅಂಕಿಗಳಷ್ಟು ನಿಖರತೆ, 32 ಬಿಟ್ ಫ್ಲೋಟ್‌ಗೆ ಸುಮಾರು 7. ಸಾವಿರ ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಕೂಡಿದರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಥ್ರೆಡ್‌ಗಳ ಸಂಖ್ಯೆ ಬೇರೆಯಾದರೆ ಕೂಡುವ ಕ್ರಮವೂ ಬೇರೆ. ನಿಮ್ಮಲ್ಲಿ ಗೆದ್ದ ಟೆಸ್ಟ್ ಇನ್ನೊಂದು ಯಂತ್ರದಲ್ಲಿ ಸೋಲುವುದಕ್ಕೆ ಇದು ದೊಡ್ಡ ಕಾರಣ. ಸೈಕಿಟ್-ಲರ್ನ್‌ನ ಟೆಸ್ಟಿಂಗ್ ಸೌಲಭ್ಯದಲ್ಲಿರುವ ‘ಅಸರ್ಟ್_ಆಲ್‌ಕ್ಲೋಸ್’ ಬಳಸಿ. ಅದು ಡೀಟೈಪ್ ನೋಡಿ ಸಾಪೇಕ್ಷ ಸಹನೆಯನ್ನು (ಉತ್ತರದ ಎಷ್ಟು ಪಾಲು ವ್ಯತ್ಯಾಸವನ್ನು ಒಪ್ಪಬಹುದು ಎಂಬ ಮಿತಿ) ತಾನೇ ಆರಿಸುತ್ತದೆ: 64 ಬಿಟ್‌ಗೆ 1ಇ-7, 32 ಬಿಟ್‌ಗೆ 1ಇ-4. ಒಂದು ಸೂಕ್ಷ್ಮ: ನಿರೀಕ್ಷಿತ ಉತ್ತರ 0 ಆಗಿದ್ದರೆ ಸಾಪೇಕ್ಷ ಸಹನೆಗೆ ಅರ್ಥವಿಲ್ಲ, 0ರ ಎಷ್ಟು ಪಾಲು ತೆಗೆದರೂ 0ಯೇ. ಅಲ್ಲಿ ‘ಎಟಾಲ್’ ಎಂಬ ನಿರಪೇಕ್ಷ ಸಹನೆಯನ್ನು ನೀವೇ ಕೊಡಬೇಕು.

ಟೆಸ್ಟ್ ಸೋತಾಗ ಸಹನೆಯನ್ನು ಗೆಲ್ಲುವವರೆಗೂ ಸಡಿಲಿಸುತ್ತಾ ಹೋಗುವುದು ಹೊಸಬರು ಮಾಡುವ ಅತ್ಯಂತ ಹಾನಿಕರ ತಪ್ಪು. 1ಇ-7ರಿಂದ 1ಇ-2ಕ್ಕೆ ಇಳಿಸಿದ ಟೆಸ್ಟ್ ಒಳಗೆ ನಿಜವಾದ ದೋಷ ಆರಾಮವಾಗಿ ಅಡಗಿ ಕೂರುತ್ತದೆ. ಮೊದಲು ಕಾರಣ ಹುಡುಕಿ. ಗುಣಾಂಕಗಳನ್ನು ಹಂತಹಂತವಾಗಿ ಹುಡುಕುವ ಸಾಲ್ವರ್ ಪೂರ್ತಿ ಒಮ್ಮುಖವಾಗುವ ಮೊದಲೇ ನಿಂತಿದೆಯೇ? ಹಾಗಿದ್ದರೆ ಅದರ ‘ಟಾಲ್’ ಬಿಗಿಮಾಡಿ, ‘ಮ್ಯಾಕ್ಸ್_ಐಟರ್’ ಹೆಚ್ಚಿಸಿ. ಎಲ್ಲೋ 64 ಬಿಟ್ 32ಕ್ಕೆ ಇಳಿದಿದೆಯೇ? ಕಾರಣ ಸಿಕ್ಕ ಮೇಲೂ ಸಡಿಲಿಸಲೇಬೇಕಾದರೆ, ಯಾಕೆ ಎಂದು ಅಲ್ಲೇ ಒಂದು ಸಾಲು ಬರೆಯಿರಿ.

ಯಾದೃಚ್ಛಿಕತೆಯದೂ ಇಂಥದೇ ಕಥೆ. ‘ರ್‍ಯಾಂಡಮ್_ಸ್ಟೇಟ್’ 42 ಇದ್ದಾಗ ಮಾತ್ರ ಗೆಲ್ಲುವ ಟೆಸ್ಟ್ ಗೆದ್ದಂತಲ್ಲ. ಸೈಕಿಟ್-ಲರ್ನ್‌ನಲ್ಲಿ ‘ಗ್ಲೋಬಲ್_ರ್‍ಯಾಂಡಮ್_ಸೀಡ್’ ಎಂಬ ಫಿಕ್ಸ್‌ಚರ್ (ಟೆಸ್ಟಿಗೆ ಬೇಕಾದ ಬೆಲೆಯನ್ನು ಪೈಟೆಸ್ಟ್ ತಾನೇ ಒದಗಿಸುವ ಸೌಲಭ್ಯ) ಇದೆ. ಅದನ್ನು ಟೆಸ್ಟ್ ಫಂಕ್ಷನ್ನಿನ ಆರ್ಗ್ಯುಮೆಂಟಾಗಿ ಹಾಕಿ, ‘ಎಸ್‌ಕೆಲರ್ನ್_ಟೆಸ್ಟ್ಸ್_ಗ್ಲೋಬಲ್_ರ್‍ಯಾಂಡಮ್_ಸೀಡ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಆಲ್’ ಎಂದು ಕೊಟ್ಟರೆ 0ರಿಂದ 99ರವರೆಗೆ ನೂರು ಬೀಜಸಂಖ್ಯೆಗಳಲ್ಲೂ ಓಡುತ್ತದೆ. ಆ ವೇರಿಯಬಲ್‌ನ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯಬೇಕು. ನೂರರಲ್ಲಿ ಮೂರು ಸೋತರೆ, ಟೆಸ್ಟ್ ಬರೆದ ರೀತಿ ಸೂಕ್ಷ್ಮವೋ ಕೋಡ್ ತಪ್ಪೋ ಎಂದು ಆ ಮೂರನ್ನೇ ಬಿಡಿಸಿ ನೋಡಿ.

ಕೋಡ್ ತಿದ್ದುವಾಗ ಮುರಿಯಬಾರದ ಕಟ್ಟಳೆಗಳು

ಎಸ್ಟಿಮೇಟರ್‌ನ (‘ಫಿಟ್’ ಮಾಡಬಹುದಾದ ಮಾದರಿಯ ಕ್ಲಾಸ್) ‘ಇನಿಟ್’ ಮೆಥಡ್ ಪ್ಯಾರಾಮೀಟರ್‌ಗಳನ್ನು ಅದೇ ಹೆಸರಿನಲ್ಲಿ ಇಟ್ಟುಕೊಳ್ಳುವುದು ಬಿಟ್ಟು ಇನ್ನೇನೂ ಮಾಡಕೂಡದು. ಪರಿಶೀಲನೆ, ಪರಿವರ್ತನೆ ಎಲ್ಲ ‘ಫಿಟ್’ ಒಳಗೆ. ವಿಚಿತ್ರ ಎನಿಸಬಹುದು, ಕಾರಣವಿದೆ. ಗ್ರಿಡ್ ಸರ್ಚ್‌ನಂಥವು ಎಸ್ಟಿಮೇಟರನ್ನು ‘ಕ್ಲೋನ್’ ಮಾಡುತ್ತವೆ. ಕ್ಲೋನ್ ಪ್ಯಾರಾಮೀಟರ್‌ಗಳನ್ನು ಓದಿ ಹೊಸ ವಸ್ತು ಕಟ್ಟಿ, ಕೊಟ್ಟದ್ದೇ ಒಳಗಿದೆಯೇ ಎಂದು ನೋಡುತ್ತದೆ. ಇನಿಟ್‌ನಲ್ಲಿ ಪಟ್ಟಿಯನ್ನು ಅರೇ ಮಾಡಿಬಿಟ್ಟಿದ್ದರೆ ಅಲ್ಲೇ ದೋಷ ಎಸೆಯುತ್ತದೆ. ‘ಸೆಟ್_ಪ್ಯಾರಾಮ್ಸ್’ ಮೂಲಕ ಬೆಲೆ ಬದಲಾದಾಗ ಇನಿಟ್ ಮತ್ತೆ ಓಡುವುದೂ ಇಲ್ಲ, ಹಾಗಾಗಿ ಅಲ್ಲಿ ಮಾಡಿದ ಪರಿಶೀಲನೆ ತಪ್ಪಿಹೋಗುತ್ತದೆ.

ದತ್ತಾಂಶದಿಂದ ಕಲಿತ ಗುಣಗಳ ಹೆಸರು ಅಡಿಗೆರೆಯಿಂದ ಕೊನೆಯಾಗಬೇಕು. ‘ಫಿಟ್’ ಯಾವಾಗಲೂ ‘ಸೆಲ್ಫ್’ ಹಿಂತಿರುಗಿಸಬೇಕು. ಬಳಕೆದಾರರು ಕೊಟ್ಟ ಅರೇಯನ್ನು ಅಲ್ಲೇ ತಿದ್ದಬಾರದು. ಇವೆಲ್ಲವನ್ನೂ ಎಲ್ಲ ಎಸ್ಟಿಮೇಟರ್‌ಗಳ ಮೇಲೂ ಓಡುವ ಸಾಮಾನ್ಯ ಟೆಸ್ಟ್‌ಗಳು ಹಿಡಿಯುತ್ತವೆ, ಆದ್ದರಿಂದ ನೀವು ಮುಟ್ಟದ ಕಡತದಲ್ಲಿ ಟೆಸ್ಟ್ ಸೋತರೆ ಆಶ್ಚರ್ಯಪಡಬೇಡಿ.

ಡೀಫಾಲ್ಟ್ ಬೆಲೆ ಬದಲಿಸುವುದು, ಪ್ಯಾರಾಮೀಟರ್ ಹೆಸರು ಬದಲಿಸುವುದು ಒಂದು ಸಾಲಿನ ಕೆಲಸದಂತೆ ಕಂಡರೂ ಮೊದಲ ಕೊಡುಗೆಗೆ ತಕ್ಕುದಲ್ಲ. ಎರಡು ಬಿಡುಗಡೆಗಳವರೆಗೆ ‘ಫ್ಯೂಚರ್‌ವಾರ್ನಿಂಗ್’ ತೋರಿಸಿ ಆಮೇಲಷ್ಟೇ ಬದಲಿಸುವ ಪದ್ಧತಿ ಅಲ್ಲಿದೆ. ಸೈಥಾನ್ ಕಡತಗಳನ್ನೂ ಸದ್ಯಕ್ಕೆ ಬಿಡಿ.

ಡಾಕ್ಯುಮೆಂಟೇಶನ್ ಕೆಲಸ

ಇದನ್ನು ಕೀಳಾಗಿ ಕಾಣುವವರಿದ್ದಾರೆ, ಅದು ತಪ್ಪು. ಒಂದು ಪ್ಯಾರಾಮೀಟರಿನ ವಿವರಣೆ ಅಸ್ಪಷ್ಟವಾಗಿದ್ದರೆ ಅದನ್ನು ಓದುವ ಪ್ರತಿಯೊಬ್ಬರೂ ಅದೇ ಜಾಗದಲ್ಲಿ ಎಡವುತ್ತಾರೆ. ನೀವು ಹೊಸಬರಾಗಿ ಎಲ್ಲಿ ಎಡವಿದಿರೋ ಅದು ಹಳಬರಿಗೆ ಕಾಣದ ಜಾಗ.

ಡಾಕ್‌ಸ್ಟ್ರಿಂಗ್‌ಗಳು ನಂಪೈಡಾಕ್ ಶೈಲಿಯಲ್ಲಿರಬೇಕು: ಪ್ಯಾರಾಮೀಟರಿನ ಹೆಸರು, ಒಂದು ಖಾಲಿ ಜಾಗ, ಕೋಲನ್, ಮತ್ತೆ ಖಾಲಿ ಜಾಗ, ವಿಧ, ಅಲ್ಪವಿರಾಮ, ಡೀಫಾಲ್ಟ್. ಕೋಲನ್ನಿಗೆ ಮುಂಚಿನ ಖಾಲಿ ಜಾಗ ಬಿಟ್ಟುಹೋದರೆ ಹೆಸರು, ವಿಧ ಎರಡೂ ಬೆರೆತು ಪುಟದಲ್ಲಿ ತಪ್ಪಾಗಿ ಮೂಡುತ್ತವೆ. ಬರೆದದ್ದು ಹೇಗೆ ಕಾಣುತ್ತದೆ ಎಂದು ನೋಡಲು ‘ಡಾಕ್’ ಫೋಲ್ಡರಿನಲ್ಲಿ ‘ಮೇಕ್ ಎಚ್‌ಟಿಎಂಎಲ್-ನೋಪ್ಲಾಟ್’ ಕೊಡಿ. ಬರೀ ‘ಮೇಕ್ ಎಚ್‌ಟಿಎಂಎಲ್’ ಕೊಟ್ಟರೆ ಉದಾಹರಣೆಗಳನ್ನೆಲ್ಲ ಓಡಿಸಿ ಚಿತ್ರ ಬಿಡಿಸಲು ಕೂರುತ್ತದೆ, ಅದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಪುಲ್ ರಿಕ್ವೆಸ್ಟ್ ತೆರೆದ ಮೇಲೆ ಸಿಐ ಕೂಡ ಬದಲಾದ ಪುಟಗಳನ್ನು ಬಿಲ್ಡ್ ಮಾಡಿ ಕೊಂಡಿ ಕೊಡುತ್ತದೆ.

ಪುಲ್ ರಿಕ್ವೆಸ್ಟ್ ತೆರೆಯುವುದು

ಪುಶ್ ಮಾಡುವ ಮೊದಲು ‘ಗಿಟ್ ಡಿಫ್ ಅಪ್‌ಸ್ಟ್ರೀಮ್/ಮೇನ್’ ಕೊಟ್ಟು ಪ್ರತಿ ಸಾಲನ್ನೂ ಪರಿಶೀಲಕರ ಕಣ್ಣಿಂದ ಓದಿ. ಮರೆತ ಪ್ರಿಂಟ್ ಸಾಲು, ಕೈತಪ್ಪಿ ಸೇರಿದ ನೋಟ್‌ಬುಕ್ ಕಡತ, ನಿಮ್ಮ ಎಡಿಟರ್ ತಾನಾಗಿ ಮರುಜೋಡಿಸಿದ ನೂರು ಸಾಲುಗಳು ಇಲ್ಲಿ ಕಾಣುತ್ತವೆ. ದೋಷಕ್ಕೆ ಸಂಬಂಧವಿಲ್ಲದ ‘ಅಂದಗಾಣಿಸುವ’ ಬದಲಾವಣೆಗಳನ್ನು ಹಿಂತೆಗೆಯಿರಿ. ಎಂಟು ಸಾಲಿನ ತಿದ್ದುಪಡಿ ಇನ್ನೂರು ಸಾಲಿನ ನಡುವೆ ಹೂತುಹೋದರೆ ಓದುವವರು ಮುಂದೂಡುತ್ತಾರೆ.

ಶೀರ್ಷಿಕೆಯ ಮೊದಲಿಗೆ ವಿಧ ಸೂಚಿಸುವ ದೊಡ್ಡಕ್ಷರದ ಪದ ಬರುತ್ತದೆ: ದೋಷ ತಿದ್ದಿದ್ದಕ್ಕೆ ‘ಫಿಕ್ಸ್’, ಡಾಕ್ಯುಮೆಂಟೇಶನ್‌ಗೆ ‘ಡಾಕ್’, ಸುಧಾರಣೆಗೆ ‘ಇಎನ್‌ಎಚ್’, ಟೆಸ್ಟ್‌ಗೆ ‘ಟಿಎಸ್‌ಟಿ’. ಮುಂದೆ ಏನು ಬದಲಾಯಿತು ಎಂದು ಓದಿದೊಡನೆ ತಿಳಿಯಬೇಕು. ಬರೀ ‘ಇಶ್ಯೂ ಸರಿಪಡಿಸಿದೆ’ ಎಂಬುದು ಯಾರಿಗೂ ಏನನ್ನೂ ಹೇಳುವುದಿಲ್ಲ. ವಿವರಣೆಯಲ್ಲಿ ‘ಫಿಕ್ಸಸ್’ ಪದದ ಮುಂದೆ # ಮತ್ತು ಇಶ್ಯೂ ಸಂಖ್ಯೆ ಬರೆದರೆ ಮರ್ಜ್ ಆದಾಗ ಇಶ್ಯೂ ತಾನೇ ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಮೂರು ನಾಲ್ಕು ವಾಕ್ಯ: ಕಾರಣ ಏನಿತ್ತು, ಏನು ಬದಲಿಸಿದಿರಿ, ಬೇರೆ ಯಾವ ದಾರಿ ನೋಡಿ ಬಿಟ್ಟಿರಿ. ಕೆಲಸ ಅರ್ಧದಲ್ಲಿದ್ದರೆ ‘ಡ್ರಾಫ್ಟ್’ ಆಗಿ ತೆರೆಯಿರಿ.

ಬಳಕೆದಾರರಿಗೆ ಗೊತ್ತಾಗುವ ಬದಲಾವಣೆಯಾದರೆ ‘ಅಪ್‌ಕಮಿಂಗ್_ಚೇಂಜಸ್’ ಫೋಲ್ಡರಿನಲ್ಲಿ ಮಾಡ್ಯೂಲಿನ ಹೆಸರಿನ ಒಳಗೆ ಒಂದು ಪುಟ್ಟ ಕಡತ ಸೇರಿಸಬೇಕು. ಕಡತದ ಹೆಸರಿನಲ್ಲಿ ಇರಬೇಕಾದದ್ದು ಪುಲ್ ರಿಕ್ವೆಸ್ಟ್ ಸಂಖ್ಯೆ, ಇಶ್ಯೂ ಸಂಖ್ಯೆಯಲ್ಲ. ಹಾಗಾಗಿ ಪುಲ್ ರಿಕ್ವೆಸ್ಟ್ ತೆರೆದ ಮೇಲೆ ಎರಡನೆಯ ಕಮಿಟ್‌ನಲ್ಲಿ ಇದನ್ನು ಹಾಕುವುದು ಸಹಜ.

ಎಐ ಉಪಕರಣಗಳ ಬಗ್ಗೆ ಒಂದು ಮಾತು. ಪೂರ್ತಿ ಸ್ವಯಂಚಾಲಿತವಾಗಿ ಹುಟ್ಟಿದ ಇಶ್ಯೂ, ಪುಲ್ ರಿಕ್ವೆಸ್ಟ್‌ಗಳನ್ನು ಕಳಿಸಬೇಡಿ ಎಂದು ಸೈಕಿಟ್-ಲರ್ನ್ ಸ್ಪಷ್ಟವಾಗಿ ಕೇಳಿಕೊಂಡಿದೆ. ಅಂಥವನ್ನು ಮುಚ್ಚುವ, ಖಾತೆಯನ್ನೇ ತಡೆಯುವ ಹಕ್ಕನ್ನು ನಿರ್ವಾಹಕರು ಇಟ್ಟುಕೊಂಡಿದ್ದಾರೆ. ಉಪಕರಣದ ನೆರವು ಪಡೆದರೂ ‘ಈ ಸಾಲು ಯಾಕೆ?’ ಎಂದು ಕೇಳಿದಾಗ ನಿಮ್ಮ ಮಾತಿನಲ್ಲಿ ಉತ್ತರ ಕೊಡಲು ಬರದ ಸಾಲನ್ನು ಕಳಿಸಬೇಡಿ.

ಸಿಐ ಕೆಂಪಾದಾಗ

ಮೊದಲ ಸಲದ ಕೊಡುಗೆದಾರರಾದರೆ ಗಿಟ್‌ಹಬ್‌ನ ಕೆಲವು ಪರೀಕ್ಷೆಗಳು ನಿರ್ವಾಹಕರು ಅನುಮತಿ ಕೊಡುವವರೆಗೆ ಓಡುವುದೇ ಇಲ್ಲ. ಅದು ಸೋಲಲ್ಲ, ಕಾಯುವಿಕೆ. ಓಡಿದ ಮೇಲೆ ಕೆಂಪು ಗುರುತು ಕಂಡರೆ ಲಾಗ್ ತೆರೆದು ಯಾವ ಜಾಬ್ ಎಂದು ನೋಡಿ. ಕೋಡಿನ ಶೈಲಿ ನೋಡುವ ಲಿಂಟಿಂಗ್ ಜಾಬ್ ಆದರೆ ಪ್ರಿ-ಕಮಿಟ್ ಓಡಿಸಿ ಮತ್ತೆ ಪುಶ್ ಮಾಡಿ. ಹಳೆಯ ಆವೃತ್ತಿಗಳ ಜಾಬ್ ಮಾತ್ರ ಸೋತಿದ್ದರೆ ನೀವು ಬಳಸಿದ ಯಾವುದೋ ನಂಪೈ ಅಥವಾ ಸೈಪೈ ಸೌಲಭ್ಯ ಲೈಬ್ರರಿ ಬೆಂಬಲಿಸುವ ಕನಿಷ್ಠ ಆವೃತ್ತಿಯಲ್ಲಿ ಇಲ್ಲ. ನಿಮ್ಮ ಬದಲಾವಣೆಗೆ ಸಂಬಂಧವೇ ಇಲ್ಲದ ಟೆಸ್ಟ್ ಸೋತಿದ್ದರೆ ಮೇನ್ ಬ್ರ್ಯಾಂಚಿನಲ್ಲೂ ಅದೇ ಸೋತಿದೆಯೇ ನೋಡಿ. ಸೋತಿದ್ದರೆ ಹಾಗೆಂದು ಒಂದು ಕಾಮೆಂಟ್ ಬರೆಯಿರಿ, ಸರಿಪಡಿಸಲು ಹೋಗಬೇಡಿ.

ಪರಿಶೀಲನೆ

ಉತ್ತರಕ್ಕೆ ವಾರಗಳು ಹಿಡಿಯಬಹುದು. ಎರಡು ವಾರ ಸದ್ದಿಲ್ಲದಿದ್ದರೆ ಒಂದು ಸೌಜನ್ಯದ ನೆನಪೋಲೆ ತಪ್ಪಲ್ಲ. ಎರಡು ದಿನಕ್ಕೊಮ್ಮೆ ಕೇಳುವುದು, ಹತ್ತು ಜನರನ್ನು ಹೆಸರಿಸಿ ಕರೆಯುವುದು ಬೇಡ.

ಟಿಪ್ಪಣಿಗಳು ಬಂದಾಗ ಪ್ರತಿಯೊಂದಕ್ಕೂ ಉತ್ತರಿಸಿ: ಮಾಡಿದ್ದರೆ ‘ಮಾಡಿದೆ’ ಎಂದಷ್ಟೇ ಸಾಕು, ಒಪ್ಪದಿದ್ದರೆ ಕಾರಣ ಕೊಡಿ. ‘ನಿಟ್’ ಎಂದು ಶುರುವಾದ ಟಿಪ್ಪಣಿ ಸಣ್ಣ ಅಭಿರುಚಿಯ ಮಾತು. ನಲವತ್ತು ಟಿಪ್ಪಣಿ ಬಂದರೆ ಕುಗ್ಗಬೇಡಿ. ಅಷ್ಟು ಗಮನ ಕೊಟ್ಟು ಓದಿದ್ದಾರೆ ಎಂದರೆ ಅದನ್ನು ಒಳಗೆ ತರುವ ಮನಸ್ಸಿದೆ ಎಂದೇ ಅರ್ಥ.

ನಡುವೆ ಮೇನ್ ಮುಂದೆ ಹೋಗಿ ಘರ್ಷಣೆ ಬಂದರೆ ‘ಗಿಟ್ ಫೆಚ್ ಅಪ್‌ಸ್ಟ್ರೀಮ್’, ‘ಗಿಟ್ ಮರ್ಜ್ ಅಪ್‌ಸ್ಟ್ರೀಮ್/ಮೇನ್’ ಮಾಡಿ. ರಿಬೇಸ್ ಮಾಡಿ (ನಿಮ್ಮ ಕಮಿಟ್‌ಗಳನ್ನು ಹೊಸ ಮೇನ್ ಮೇಲೆ ಮತ್ತೆ ಬರೆದು) ಬಲವಂತವಾಗಿ ಪುಶ್ ಮಾಡಿದರೆ ಹಳೆಯ ಟಿಪ್ಪಣಿಗಳು ನಿಂತ ಜಾಗ ಕಳೆದುಕೊಳ್ಳುತ್ತವೆ, ಹಿಂದಿನ ಸಲ ಓದಿದ ಮೇಲೆ ಏನು ಬದಲಾಯಿತು ಎಂದು ಪರಿಶೀಲಕರಿಗೆ ಗೊತ್ತಾಗುವುದಿಲ್ಲ. ಕೊನೆಗೆ ಎಲ್ಲ ಕಮಿಟ್‌ಗಳನ್ನೂ ಒಂದಾಗಿ ಹಿಂಡಿಯೇ ಮರ್ಜ್ ಮಾಡುವುದರಿಂದ ನಿಮ್ಮ ಬ್ರ್ಯಾಂಚಿನ ಇತಿಹಾಸ ಗಲೀಜಾಗಿದ್ದರೂ ಚಿಂತೆಯಿಲ್ಲ.

ಮರ್ಜ್ ಆದ ಮೇಲೆ ಬ್ರ್ಯಾಂಚ್ ಅಳಿಸಿ, ನಿಮ್ಮ ಮೇನ್ ಅನ್ನು ಅಪ್‌ಸ್ಟ್ರೀಮ್‌ಗೆ ಸರಿಹೊಂದಿಸಿ. ಬದಲಾವಣೆ ಲೈಬ್ರರಿಯ ಜಾಲತಾಣದ ‘ಡೆವ್’ ಆವೃತ್ತಿಯ ಪುಟಗಳಲ್ಲಿ ಬೇಗ ಕಾಣುತ್ತದೆ; ಪಿಪ್‌ನಿಂದ ಹಾಕಿಕೊಳ್ಳುವವರಿಗೆ ತಲುಪಲು ಮುಂದಿನ ಬಿಡುಗಡೆಯವರೆಗೆ ಕಾಯಬೇಕು, ಅದು ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ. ಆ ನಡುವೆ ನೀವು ಈಗ ಚೆನ್ನಾಗಿ ಬಲ್ಲ ಅದೇ ಮಾಡ್ಯೂಲಿನಲ್ಲಿ ಬೇರೆ ಹೊಸಬರ ಪುಲ್ ರಿಕ್ವೆಸ್ಟ್ ಒಂದನ್ನು ತೆರೆದು, ಅವರ ಟೆಸ್ಟ್ ತಿದ್ದುಪಡಿಯಿಲ್ಲದೆ ಸೋಲುತ್ತದೆಯೇ ಎಂದು ಓಡಿಸಿ ನೋಡಿ, ಕಂಡದ್ದನ್ನು ಅಲ್ಲಿ ಬರೆಯಿರಿ.